ಎರಡು ವಿಮಾನ ಕಂಪನಿ ಒಂದಾದರೆ ಮಹಾಗಾಂವಕ್ಕೇನು?

ಕಳೆದ ಕಾರಹುಣ್ಣಿಮೆ ಮುಗಿದು ನಾಲ್ಕು ದಿನಕ್ಕೆ ನಮ್ಮ ಮುತ್ಯಾ ತೀರಿಕೊಂಡ. ನಸುಕಿನ ನಾಲ್ಕು ಗಂಟೆ. ಅಪ್ಪ ಮೊದಲು ಫೋನ್ ಮಾಡಿದ್ದು ಬೆಂಗಳೂರಿನಲ್ಲಿದ್ದ ಅಣ್ಣನಿಗೆ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅವನ ಕೆಲಸ. ಮುತ್ಯಾನ ಬೆನ್ನ ಮೇಲೆ ಬೆಳೆದವನು ಅವನು. ರಾತ್ರಿಯ ರೈಲುಗಳೆಲ್ಲ ಹೋಗಿಯಾಗಿತ್ತು. ಹಗಲು ಬಸ್ ಹತ್ತಿದರೆ ಮುಟ್ಟುವುದು ರಾತ್ರಿಗೇ. ಬೆಂಗಳೂರಿನಿಂದ ಕಲಬುರಗಿಗೆ ನೇರ ಬರುವ ವಿಮಾನ ಅವತ್ತಿನ ಪಟ್ಟಿಯಲ್ಲಿ ಇರಲಿಲ್ಲ. ಉಳಿದದ್ದು ಹೈದರಾಬಾದ್ ದಾರಿ. ಅಲ್ಲಿ ಇಳಿದು ಜಹೀರಾಬಾದ್, ಹುಮನಾಬಾದ್ ಮೇಲೆ ರಸ್ತೆಯಲ್ಲಿ ಬರಬೇಕು.

ಬೆಳಗಿನ ವಿಮಾನಕ್ಕೆ ಹನ್ನೆರಡು ಸಾವಿರದ ಹತ್ತಿರ ದರ ತೋರಿಸುತ್ತಿತ್ತು. ಮಧ್ಯಾಹ್ನದ್ದಕ್ಕೆ ಆರು ಸಾವಿರ. ಅಣ್ಣನ ತಿಂಗಳ ಸಂಬಳ ಹತ್ತೊಂಬತ್ತು ಸಾವಿರ. ಅವನು ಮಧ್ಯಾಹ್ನದ್ದನ್ನೇ ತಗೊಂಡ. ಇತ್ತ ಊರಲ್ಲಿ ಹಿರಿಯರು, "ಹೊತ್ತು ಮುಳುಗೂದ್ರೊಳಗ ಮಣ್ಣು ಆಗಬೇಕಪ್ಪಾ, ಇನ್ನ ಇಡ್ಲಿಕ್ಕ ಬರಂಗಿಲ್ಲ" ಅಂದರು. ಐದು ಗಂಟೆಗೆ ಮಣ್ಣಾಯಿತು. ಅಣ್ಣ ಮಹಾಗಾಂವ ಕ್ರಾಸಿನಲ್ಲಿ ಇಳಿದಾಗ ಏಳಾಗಿತ್ತು. ಮನೆಗೂ ಬರದೆ ನೇರ ಹೊಲಕ್ಕೆ ಹೋಗಿ, ಆಗಲೇ ಮುಚ್ಚಿದ ಗುಂಡಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದ. ಅವನು ಇವತ್ತಿಗೂ ಆ ಮಾತು ಎತ್ತುವುದಿಲ್ಲ. ಒಮ್ಮೆ ಮಾತ್ರ ಅವ್ವನ ಮುಂದೆ, "ಇನ್ನಾರು ಸಾವಿರ ಇದ್ದಿದ್ರ ಮುಖ ನೋಡ್ತಿದ್ನಬೇ" ಅಂದಿದ್ದ.

ಇದನ್ನು ಯಾಕೆ ಹೇಳಿದೆನೆಂದರೆ, ವಿಮಾನ ಕಂಪನಿಗಳ ವಿಲೀನ, ಆಯೋಗದ ಒಪ್ಪಿಗೆ, ಷೇರು ಪಾಲು ಎಂಬ ಸುದ್ದಿಗಳು ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬರುತ್ತವೆ. ನಮ್ಮ ಊರಲ್ಲಿ ಆ ಪುಟದಲ್ಲಿ ಮಿರ್ಚಿ ಭಜಿ ಕಟ್ಟಿಕೊಡುತ್ತಾರೆ. ನಾನು ಬಿ.ಕಾಂ. ಕೊನೆಯ ವರ್ಷದವಳಾದ್ದರಿಂದ ಭಜಿ ತಿಂದ ಮೇಲೆ ಅದನ್ನೂ ಓದುತ್ತೇನೆ. ಆ ಸುದ್ದಿಗೂ ನಮ್ಮ ಮುತ್ಯಾನ ಮಣ್ಣಿಗೂ ಸಂಬಂಧ ಇದೆ ಎಂದು ನನಗೆ ಅನ್ನಿಸಿದ್ದು ಹಾಗೆ ಓದುವಾಗಲೇ.

ಮೊದಲು ನಮ್ಮ ಕ್ರಾಸಿನ ಮಾತು ಹೇಳುತ್ತೇನೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ ನಮ್ಮ ಕ್ರಾಸ್. ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಟಂಟಂಗಳೇ ಗತಿ. ಹಿಂದೆ ಒಂದು ಹಳ್ಳಿಯ ದಾರಿಗೆ ಇಬ್ಬರದು ಟಂಟಂ ಇದ್ದವು. ಒಬ್ಬ ಇಪ್ಪತ್ತು ರೂಪಾಯಿ ಅಂದರೆ ಇನ್ನೊಬ್ಬ "ಬರ್ರಿ ಅಕ್ಕೋರೆ, ಹದಿನೈದು ಕೊಡ್ರಿ" ಅನ್ನುತ್ತಿದ್ದ. ಒಬ್ಬ ತುಂಬುವವರೆಗೆ ಕಾದರೆ, ಇನ್ನೊಬ್ಬ ನಾಲ್ಕೇ ಮಂದಿ ಕೂತರೂ ಹೊರಡುತ್ತಿದ್ದ. ಆಮೇಲೆ ಇಬ್ಬರೂ ಬೀಗರಾದರು. ಒಬ್ಬರ ಗಾಡಿ ಇನ್ನೊಬ್ಬರ ಪಾಳಿಗೆ ಅಡ್ಡ ಬರಬಾರದು ಎಂದು ಮಾತಾಯಿತು. ಈಗ ಇಪ್ಪತ್ತೈದು ರೂಪಾಯಿ, ಅದೂ ಹತ್ತು ಮಂದಿ ತುಂಬಿದ ಮೇಲೆ. ಅವರಿಬ್ಬರೂ ಕೆಟ್ಟವರಲ್ಲ. ಡೀಸೆಲ್ ಖರ್ಚು ಉಳಿಯಿತು, ಜಗಳ ತಪ್ಪಿತು. ಆದರೆ ಬೀಗತನದ ಮಾತುಕತೆಯಲ್ಲಿ ಟಂಟಂ ಹತ್ತುವವರನ್ನು ಯಾರೂ ಕರೆದಿರಲಿಲ್ಲ.

ಎರಡು ಕಂಪನಿ ಒಂದಾಗುವಾಗ ಹತ್ತುವವರ ಪರವಾಗಿ ಕೂತು ಕೇಳಲೆಂದೇ ಸರ್ಕಾರ ಒಂದು ಸಂಸ್ಥೆ ಇಟ್ಟಿದೆ. ಅದು ಭಾರತೀಯ ಸ್ಪರ್ಧಾ ಆಯೋಗ. ಅಪ್ಪನಿಗೆ ಇದನ್ನು ವಿವರಿಸಲು ಹೋದರೆ ಅವನೇ ನನಗೆ ವಿವರಿಸಿದ: "ಅಡತ್ಯಾಗ ತೊಗರಿ ಖರೀದಿ ಮಾಡೋರು ಇಬ್ರು ಒಂದಾದ್ರ ರೇಟ್ ಬೀಳ್ತದ. ಇದರಾಗ ಓದೂದೇನದ?"

ಓದುವುದು ಇದೆ. ಯಾಕೆಂದರೆ ನಮ್ಮ ದೇಶದಲ್ಲಿ ಈ ಕಾವಲು ಬಹಳ ತಡವಾಗಿ ಬಂತು. ಸ್ಪರ್ಧಾ ಕಾಯ್ದೆ 2002ರದ್ದು. ಆದರೆ ಕಂಪನಿಗಳ ವಿಲೀನವನ್ನು ಆಯೋಗ ಮೊದಲೇ ಪರಿಶೀಲಿಸಬೇಕೆಂಬ ಕಲಮುಗಳು ಜಾರಿಗೆ ಬಂದದ್ದು 2011ರ ಜೂನ್ 1ರಂದು. ಅದಕ್ಕೂ ನಾಲ್ಕು ವರ್ಷ ಮೊದಲೇ, 2007ರಲ್ಲಿ, ಭಾರತದ ಆಕಾಶದಲ್ಲಿ ಮೂರು ಮದುವೆಗಳು ಆಗಿಹೋಗಿದ್ದವು. ಜೆಟ್ ಏರ್‌ವೇಸ್ ಏರ್ ಸಹಾರಾವನ್ನು ಕೊಂಡಿತು. ಸರ್ಕಾರದ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಮೂರನೆಯದು ಅಪ್ಪಟ ಕರ್ನಾಟಕದ ಮದುವೆ. ಏರ್ ಡೆಕ್ಕನ್ ಮತ್ತು ಕಿಂಗ್‌ಫಿಷರ್ ಎರಡೂ ಬೆಂಗಳೂರಿನವೇ.

ಏರ್ ಡೆಕ್ಕನ್ ಕಥೆ ನನ್ನ ವಯಸ್ಸಿನವರಿಗೆ ಅಷ್ಟು ಗೊತ್ತಿಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ರೈತನಾಗಿ, ಆಮೇಲೆ ಹೆಲಿಕಾಪ್ಟರ್ ಕಂಪನಿ ಕಟ್ಟಿ, 2003ರ ಆಗಸ್ಟ್‌ನಲ್ಲಿ ಅಗ್ಗದ ವಿಮಾನ ಶುರು ಮಾಡಿದರು. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನ ಚಿತ್ರವೇ ಅವರ ವಿಮಾನದ ಗುರುತು. ಒಂದು ರೂಪಾಯಿಯ ಟಿಕೆಟ್ಟನ್ನೂ ಇಟ್ಟಿದ್ದರು. ಪೆಟ್ರೋಲ್ ಬಂಕಿನಲ್ಲಿ ಟಿಕೆಟ್ ಮಾರಿದರು. ದೊಡ್ಡ ಜೆಟ್‌ಗಳಷ್ಟೇ ಅಲ್ಲ, ಎಟಿಆರ್ ಎಂಬ ರೆಕ್ಕೆಪಂಖದ ಸಣ್ಣ ವಿಮಾನಗಳನ್ನೂ ಇಟ್ಟುಕೊಂಡು, ಹುಬ್ಬಳ್ಳಿಯಂಥ ಊರುಗಳಿಗೆ ಹಾರಿಸಿದರು. ನಷ್ಟವೂ ಬೇಕಾದಷ್ಟು ಆಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. 2007ರಲ್ಲಿ ವಿಜಯ ಮಲ್ಯ ಅವರ ಗುಂಪು 550 ಕೋಟಿ ರೂಪಾಯಿಗೆ ನೂರಕ್ಕೆ 26ರಷ್ಟು ಪಾಲು ಕೊಂಡಿತು.

ಯಾಕೆ ಕೊಂಡರು? ಇಲ್ಲಿದೆ ನನಗೆ ಹಿಡಿಸದ ಸಂಗತಿ. ಆಗಿನ ನಿಯಮದ ಪ್ರಕಾರ, ವಿದೇಶಕ್ಕೆ ಹಾರಬೇಕಾದರೆ ಒಂದು ಕಂಪನಿ ದೇಶದೊಳಗೆ 5 ವರ್ಷ ಹಾರಿರಬೇಕು, 20 ವಿಮಾನ ಇರಬೇಕು. ಕಿಂಗ್‌ಫಿಷರ್ ಶುರುವಾದದ್ದು 2005ರಲ್ಲಿ, ಅದಕ್ಕೆ 2010ರವರೆಗೆ ಕಾಯಬೇಕಿತ್ತು. ಏರ್ ಡೆಕ್ಕನ್‌ಗೆ 2008ಕ್ಕೇ 5 ವರ್ಷ ತುಂಬುತ್ತಿತ್ತು. ಹಾಗಾಗಿ ಕಾಗದದ ಮೇಲೆ ಕಿಂಗ್‌ಫಿಷರ್ ಹೋಗಿ ಡೆಕ್ಕನ್ ಕಂಪನಿಯೊಳಗೆ ಸೇರಿತು. ಸೇರಿದ ಮೇಲೆ ಡೆಕ್ಕನ್ ತನ್ನ ಹೆಸರನ್ನು ಕಿಂಗ್‌ಫಿಷರ್ ಎಂದು ಬದಲಿಸಿಕೊಂಡಿತು. ಮದುಮಗಳ ಮನೆಗೆ ಅಳಿಯ ಬಂದು, ಮನೆಯ ನಾಮಫಲಕ ಬದಲಿಸಿದ ಹಾಗೆ. 2008ರಲ್ಲಿ ಹೈಕೋರ್ಟ್ ಆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ ಹಾರಿತು.

ಕಂಪನಿ ವಿಲೀನಕ್ಕೆ ಕೋರ್ಟ್ ನೋಡುವುದು ಷೇರುದಾರರಿಗೆ, ಸಾಲ ಕೊಟ್ಟವರಿಗೆ ಅನ್ಯಾಯ ಆಗುತ್ತದೆಯೇ, ಕಾನೂನಿನ ಕ್ರಮ ಪಾಲಿಸಲಾಗಿದೆಯೇ ಎಂದು. ಅದು ಅದರ ಕೆಲಸ, ತಪ್ಪಲ್ಲ. ಆದರೆ ಶ್ರೀಸಾಮಾನ್ಯನ ವಿಮಾನದ ಗತಿ ಏನು, ಎಟಿಆರ್ ಹೋಗುತ್ತಿದ್ದ ಊರುಗಳ ಗತಿ ಏನು ಎಂದು ವಿಲೀನದ ಮುಂಚೆಯೇ ಕೇಳುವ ಅಧಿಕಾರ ಸ್ಪರ್ಧಾ ಆಯೋಗಕ್ಕೆ ಆಗಿನ್ನೂ ಬಂದಿರಲಿಲ್ಲ. ಡೆಕ್ಕನ್ ಮೊದಲು ಕಿಂಗ್‌ಫಿಷರ್ ರೆಡ್ ಆಯಿತು. 2011ರಲ್ಲಿ ಅಗ್ಗದ ಸೇವೆಯೇ ಬೇಡವೆಂದು ರೆಡ್ ಅನ್ನು ಮುಚ್ಚುವುದಾಗಿ ಹೇಳಿದರು. 2012ರ ಅಕ್ಟೋಬರ್‌ನಲ್ಲಿ ಇಡೀ ಕಿಂಗ್‌ಫಿಷರ್ ನಿಂತಿತು, ಪರವಾನಗಿ ಅಮಾನತಾಯಿತು. ಉಳಿದ ಎರಡು ಮದುವೆಗಳೂ ಸುಖವಾಗಿರಲಿಲ್ಲ. ಜೆಟ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಏರ್ ಇಂಡಿಯಾ ಸಾಲದಲ್ಲಿ ಮುಳುಗಿ, 2022ರ ಜನವರಿಯಲ್ಲಿ ಟಾಟಾದವರ ಕೈಗೆ ಮರಳಿತು.

ನಮ್ಮ ಕಡೆ ಆಗ ಏನಾಗುತ್ತಿತ್ತು? ಕಲಬುರಗಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2008ರಲ್ಲಿ. ಡೆಕ್ಕನ್ ಹೆಸರು ಅಳಿದ ಅದೇ ವರ್ಷ. ಶ್ರೀನಿವಾಸ ಸರಡಗಿ ಹತ್ತಿರ 700ಕ್ಕೂ ಹೆಚ್ಚು ಎಕರೆ ಭೂಮಿ, 3 ಕಿಲೋಮೀಟರಿಗಿಂತ ಉದ್ದದ ರನ್‌ವೇ. ಅದು ಉದ್ಘಾಟನೆ ಆದದ್ದು 2019ರ ನವೆಂಬರ್ 22ರಂದು. ಅಡಿಗಲ್ಲಿನಿಂದ ಹಾರಾಟಕ್ಕೆ 11 ವರ್ಷ! ಅಷ್ಟರಲ್ಲಿ ಸಣ್ಣ ಊರಿಗೆ ಅಗ್ಗದ ವಿಮಾನ ಹಾರಿಸುತ್ತೇನೆ ಎಂದು ಹಟ ಹಿಡಿದಿದ್ದ ಕನ್ನಡದ ಕಂಪನಿಯೇ ಇಲ್ಲವಾಗಿತ್ತು.

ಆ ದಿನ ನನಗೆ ನೆನಪಿದೆ. ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನಮ್ಮ ಊರಿನಿಂದ ಎರಡು ಕ್ರೂಸರ್ ತುಂಬಿಕೊಂಡು ಜನ ಹೋಗಿದ್ದರು. ಮುತ್ಯಾನೂ ಹೋಗಿದ್ದ. ಪಟಗಾ ಸುತ್ತಿಕೊಂಡು, ತಂತಿಬೇಲಿಯ ಆಚೆ ನಿಂತು ನೋಡಿ ಬಂದು, "ಸಣ್ಣದ ಅದ, ಆದ್ರ ಆವಾಜ್ ದೊಡ್ಡದದ" ಅಂದ. ಬೆಂಗಳೂರಿನಿಂದ ಬಂದಿದ್ದ ಸ್ಟಾರ್ ಏರ್‌ನ 50 ಸೀಟಿನ ವಿಮಾನ ಅದು. ಆಮೇಲೆ ಅಲಯನ್ಸ್ ಏರ್ ಎಟಿಆರ್ ಕೂಡ ಬಂತು. ಹಿಂಡನ್, ತಿರುಪತಿಗೂ ಹಾರಾಟ ಶುರುವಾಯಿತು. ನಮ್ಮ ಕಮಲಾಪುರದ ಕೆಂಬಾಳೆ ದೆಹಲಿಗೆ ಹೋಗುತ್ತದೆ ಎಂದು ಊರ ಮಂದಿ ಲೆಕ್ಕ ಹಾಕಿದ್ದೇ ಹಾಕಿದ್ದು.

ಇದೆಲ್ಲ ನಡೆದದ್ದು ಉಡಾನ್ ಯೋಜನೆಯ ಬಲದಿಂದ. ಅರ್ಧದಷ್ಟು ಸೀಟುಗಳನ್ನು ಕಡಿಮೆ ದರಕ್ಕೆ ಕೊಡಬೇಕು. ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂದಿತ್ತು. ಕಂಪನಿಗೆ ಬೀಳುವ ಕೊರತೆಯನ್ನು ಸರ್ಕಾರ 3 ವರ್ಷ ತುಂಬಿಕೊಡುತ್ತದೆ. ಮೂರು ವರ್ಷದಲ್ಲಿ ದಾರಿ ಸ್ವಂತ ಕಾಲ ಮೇಲೆ ನಿಲ್ಲಬೇಕು. ನಮ್ಮ ನಿಲ್ದಾಣದ ಮೊದಲ ಆರು ತಿಂಗಳಲ್ಲೇ ಕೊರೊನಾ ಬಂತು. ಸಹಾಯಧನದ ಅವಧಿ ಮುಗಿಯುತ್ತ ಬಂದ ಹಾಗೆ ಹಾರಾಟಗಳೂ ಇಳಿಯುತ್ತ ಬಂದವು. ಪಕ್ಕದ ಬೀದರದ್ದು ಇನ್ನೂ ಪಾಠದಂಥ ಕಥೆ. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಬಂತು, ಎರಡು ವರ್ಷಕ್ಕೆ ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಸ್ಟಾರ್ ಏರ್ ಬಂತು, ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾದದ್ದು ರಾಜ್ಯ ಸರ್ಕಾರ ಕೊರತೆ ತುಂಬಿಕೊಡಲು ಒಪ್ಪಿದ ಮೇಲೆ.

ಈಗ ದೊಡ್ಡ ವಿಲೀನದ ಮಾತಿಗೆ ಬರುತ್ತೇನೆ. ಏರ್ ಇಂಡಿಯಾವನ್ನು ಟಾಟಾಗೆ ಮಾರುವಾಗ ಅದರ ಜೊತೆಗಿದ್ದ ಅಲಯನ್ಸ್ ಏರ್ ಅನ್ನು ಮಾರಲಿಲ್ಲ. ಅದು ಸರ್ಕಾರದ ಬಳಿಯೇ ಉಳಿಯಿತು. ಸಣ್ಣ ಊರಿಗೆ ಹೋಗುವ ಎಟಿಆರ್‌ಗಳೆಲ್ಲ ಅದರಲ್ಲೇ ಇದ್ದವು. ಅಂದರೆ ಆಸ್ತಿ ಹಂಚಿಕೆಯಲ್ಲಿ ನೀರಾವರಿ ಹೊಲ ಒಬ್ಬರಿಗೆ ಹೋಯಿತು, ಮರಡಿ ಹೊಲ ಮುದುಕ ತಂದೆಯ ಹೆಸರಲ್ಲೇ ಉಳಿಯಿತು. 2022ರ ನವೆಂಬರ್ 29ರಂದು ಟಾಟಾ ಮತ್ತು ಸಿಂಗಪುರ ಏರ್‌ಲೈನ್ಸ್ ತಮ್ಮ ವಿಸ್ತಾರಾ ಕಂಪನಿಯನ್ನು ಏರ್ ಇಂಡಿಯಾದಲ್ಲಿ ಸೇರಿಸುವುದಾಗಿ ಹೇಳಿದವು. ಸೇರಿದ ಕಂಪನಿಯಲ್ಲಿ ಸಿಂಗಪುರದವರಿಗೆ ನೂರಕ್ಕೆ 25.1 ಪಾಲು.

ಈ ಸಲ ಕಾವಲುಗಾರ ಇದ್ದ. ಸ್ಪರ್ಧಾ ಆಯೋಗ ಪ್ರಶ್ನೆ ಕೇಳಿತು, ಕಂಪನಿಗಳು ತಾವಾಗಿ ಕೆಲವು ಬದ್ಧತೆಗಳನ್ನು ಒಪ್ಪಿಕೊಂಡವು, ಅವಕ್ಕೆ ಒಳಪಟ್ಟು 2023ರ ಸೆಪ್ಟೆಂಬರ್ 1ರಂದು ಒಪ್ಪಿಗೆ ಸಿಕ್ಕಿತು. ಆಮೇಲೆ ಸಿಂಗಪುರದ ಸ್ಪರ್ಧಾ ಆಯೋಗ, ಕಂಪನಿ ಕಾನೂನು ನ್ಯಾಯಮಂಡಳಿ, ವಿದೇಶಿ ಹೂಡಿಕೆಗೆ ಕೇಂದ್ರ ಸರ್ಕಾರ, ಹೀಗೆ ಒಂದೊಂದೇ ಬಾಗಿಲು ದಾಟಿ 2024ರ ನವೆಂಬರ್ 12ರಂದು ವಿಸ್ತಾರಾ ಎಂಬ ಹೆಸರು ಅಳಿಯಿತು. ಅದಕ್ಕೂ ಒಂದೂವರೆ ತಿಂಗಳ ಮುಂಚೆ, ಹಿಂದೆ ಏರ್ ಏಷ್ಯಾ ಇಂಡಿಯಾ ಆಗಿದ್ದ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿಹೋಗಿತ್ತು. ಈಗ ದೇಶದೊಳಗೆ ಹಾರುವ ನೂರು ಜನರಲ್ಲಿ 60ಕ್ಕೂ ಹೆಚ್ಚು ಮಂದಿ ಇಂಡಿಗೋದಲ್ಲಿ. ಅದರ ಜೊತೆ ಏರ್ ಇಂಡಿಯಾ ಗುಂಪನ್ನು ಕೂಡಿಸಿದರೆ 90ರ ಆಸುಪಾಸು.

ಸಿಂಗಪುರದ ಆಯೋಗ ಮಾಡಿದ್ದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಅದು ತನ್ನ ಊರಿನಿಂದ ಹೊರಡುವ ದಾರಿಗಳನ್ನು ಒಂದೊಂದಾಗಿ ನೋಡಿತು. ಸಿಂಗಪುರ–ದೆಹಲಿ, ಸಿಂಗಪುರ–ಮುಂಬೈ, ಸಿಂಗಪುರ–ಚೆನ್ನೈ, ಸಿಂಗಪುರ–ತಿರುಚಿರಾಪಳ್ಳಿ. ಈ ನಾಲ್ಕು ದಾರಿಗಳಲ್ಲಿ ಸೀಟುಗಳ ಸಂಖ್ಯೆ ಕೊರೊನಾಗೆ ಮುಂಚಿನ ಮಟ್ಟಕ್ಕಿಂತ ಇಳಿಯಬಾರದು ಎಂದು ಬರೆಸಿಕೊಂಡು, 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ತಿರುಚಿರಾಪಳ್ಳಿಯ ಹೆಸರು ಗಮನಿಸಿ. ಅದು ಮಹಾನಗರವಲ್ಲ. ತಮಿಳುನಾಡಿನ ನಡುವಿನ ಒಂದು ಊರಿನ ಸೀಟು ಉಳಿಯಬೇಕೆಂದು ಕೇಳಿದ್ದು ಸಮುದ್ರದಾಚೆಯ ಒಂದು ಪುಟ್ಟ ದೇಶ, ಯಾಕೆಂದರೆ ಅಲ್ಲಿನ ಮಂದಿಗೆ ಆ ದಾರಿ ಬೇಕು. ಕಲಬುರಗಿಯ ಸೀಟನ್ನು ಯಾರು ಕೇಳಬೇಕು?

ಆಯೋಗವನ್ನು ಬಯ್ಯುವುದು ಸುಲಭ, ಆದರೆ ಅದರ ಕೆಲಸದ ರೀತಿ ತಿಳಿದು ಬಯ್ಯಬೇಕು. ವಿಮಾನದ ವಿಷಯದಲ್ಲಿ ಅದು 'ಹೊರಡುವ ಊರು, ಮುಟ್ಟುವ ಊರು' ಎಂಬ ಜೋಡಿಯನ್ನೇ ಒಂದು ಮಾರುಕಟ್ಟೆ ಎಂದು ಹಿಡಿಯುತ್ತದೆ. 2013ರಲ್ಲಿ ಜೆಟ್‌ನಲ್ಲಿ ಎತಿಹಾದ್ ಪಾಲು ಕೊಂಡಾಗಲೂ ಹಾಗೆಯೇ ನೋಡಿತು. ಒಂದು ಜೋಡಿಯಲ್ಲಿ ಎರಡೂ ಕಂಪನಿ ಹಾರುತ್ತಿದ್ದರೆ, ಅವು ಒಂದಾದ ಮೇಲೆ ಪೈಪೋಟಿ ಸಾಯುತ್ತದೆಯೇ ಎಂದು ಪರೀಕ್ಷೆ. ಇದು ಸರಿಯಾದ ಪದ್ಧತಿಯೇ. ನಮ್ಮ ಟಂಟಂ ಲೆಕ್ಕವೂ ಇದೇ ತಾನೆ? ಆದರೆ ಎರಡೂ ಕಂಪನಿ ಹಾರದ ಊರು ಈ ಜರಡಿಯಲ್ಲಿ ಸಿಕ್ಕುವುದೇ ಇಲ್ಲ. ಬೆಂಗಳೂರು–ಕಲಬುರಗಿ ದಾರಿಯಲ್ಲಿ ವಿಸ್ತಾರಾ ಇರಲಿಲ್ಲ. ಹಾಗಾಗಿ ಆ ಕಡತದಲ್ಲಿ ನಾವು ಇಲ್ಲ. ಇಲ್ಲದ ಪೈಪೋಟಿ ಸಾಯುವುದು ಹೇಗೆ?

ಆದರೂ ನಮಗೆ ಪೆಟ್ಟು ಬೀಳುತ್ತದೆ, ಸುತ್ತುದಾರಿಯಲ್ಲಿ. ನಾಳೆ ಯಾವುದೋ ಹೊಸ ಸಣ್ಣ ಕಂಪನಿ ಕಲಬುರಗಿಗೆ ಬರಬೇಕೆಂದರೆ ಅದಕ್ಕೆ ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಇಳಿಯಲು ಜಾಗ ಬೇಕು, ಪೈಲಟ್‌ಗಳು ಬೇಕು, ಬಾಡಿಗೆಗೆ ವಿಮಾನ ಬೇಕು, ಮುಂದೆ ದೆಹಲಿಗೋ ಮುಂಬೈಗೋ ಹೋಗುವ ಪ್ರಯಾಣಿಕನನ್ನು ಒಂದೇ ಟಿಕೆಟ್‌ನಲ್ಲಿ ಕಳಿಸಿಕೊಡಲು ದೊಡ್ಡ ಕಂಪನಿಯ ಜೊತೆ ಒಪ್ಪಂದ ಬೇಕು. ದೊಡ್ಡ ಮನೆಗಳು ನಾಲ್ಕೈದಿದ್ದರೆ ಒಬ್ಬರಲ್ಲದಿದ್ದರೆ ಇನ್ನೊಬ್ಬರ ಬಾಗಿಲು ತಟ್ಟಬಹುದು. ಎರಡೇ ಇದ್ದರೆ, ಎರಡೂ ಕಡೆ 'ಈಗ ಬೇಡ' ಅಂದರೆ ಮುಗಿಯಿತು. ಇತ್ತ ನಮ್ಮೂರಿಗೆ ನೇರ ವಿಮಾನ ಇಲ್ಲದಾಗ ನಾವು ಹೋಗುವುದು ಹೈದರಾಬಾದ್ ದಾರಿಗೆ. ಅಲ್ಲಿ ದರ ಏರಿದರೆ ಕೊಡುವವರು ನಾವೇ.

ನನ್ನ ಕ್ಲಾಸಿನ ಗೆಳತಿ ಇದನ್ನು ಒಪ್ಪುವುದಿಲ್ಲ. ಅವಳ ಅಪ್ಪನದು ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ. "ಖಾಲಿ ವಿಮಾನ ಯಾರು ಹಾರಸ್ತಾರ? ನೀ ನಿಮ್ಮ ಅಂಗಡ್ಯಾಗ ನಷ್ಟಕ್ಕ ಮಾರ್ತೀಯೇನು? ಸಣ್ಣ ಕಂಪನಿ ಸತ್ತು ಸತ್ತು ಹೋಗ್ತಾವ, ಕೂಡಿದ್ರ ಬದುಕ್ತಾವ" ಅನ್ನುತ್ತಾಳೆ. ಅವಳ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ ಇದೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಯಾರೊಂದಿಗೂ ಕೂಡದೆ ಒಬ್ಬಂಟಿಯಾಗಿಯೇ ನಿಂತುಹೋಯಿತು. ಟ್ರೂಜೆಟ್ ಕಥೆ ಮೇಲೆ ಹೇಳಿದೆ. ಸತ್ತ ಕಂಪನಿಗಿಂತ ಕೂಡಿ ಬದುಕಿದ ಕಂಪನಿ ವಾಸಿ. ವಿಲೀನಗಳನ್ನೆಲ್ಲ ತಡೆಯಿರಿ ಎಂದು ನಾನೂ ಹೇಳುವುದಿಲ್ಲ.

ಆದರೆ ಅವಳಿಗೆ ನಾನು ಕೇಳಿದ್ದು: ನೀನು, ನಾನು ದಿನಾ ಕಾಲೇಜಿಗೆ ಬರುವ ಬಸ್ಸು? ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸು ಬೆಳಗ್ಗೆ ನಮ್ಮ ಕ್ರಾಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿರುತ್ತದೆ. ಮಧ್ಯಾಹ್ನ ಅದೇ ಬಸ್ಸು ಒಳ ಹಳ್ಳಿಗೆ ಆರು ಮಂದಿಯನ್ನು ಕೂರಿಸಿಕೊಂಡು ಹೋಗುತ್ತದೆ. ತುಂಬಿದ ದಾರಿಯ ದುಡ್ಡು ಖಾಲಿ ದಾರಿಯನ್ನು ಎಳೆಯುತ್ತದೆ, ಉಳಿದದ್ದನ್ನು ಸರ್ಕಾರ ಕೊಡುತ್ತದೆ. ನಮ್ಮಿಬ್ಬರ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟೂ ಹಾಗೆಯೇ. ಆಕಾಶದಲ್ಲೂ ಈ ವಿಚಾರ ಹೊಸತಲ್ಲ. 1994ರಿಂದಲೇ ಒಂದು ನಿಯಮ ಇದೆ. ದೆಹಲಿ–ಮುಂಬೈನಂಥ ಲಾಭದ ದಾರಿಗಳಲ್ಲಿ ಹಾರುವ ಕಂಪನಿ ಈಶಾನ್ಯ, ಜಮ್ಮು ಕಾಶ್ಮೀರ, ಅಂಡಮಾನ್ ಕಡೆಗಳಿಗೂ, ಉಳಿದ ಊರುಗಳಿಗೂ ಇಷ್ಟಿಷ್ಟು ಪಾಲು ಹಾರಲೇಬೇಕು. ಉಡಾನ್ ಹಣವೂ ಬಹುಪಾಲು ಲಾಭದ ದಾರಿಗಳ ವಿಮಾನಗಳ ಮೇಲೆ ಹಾಕಿದ ಶುಲ್ಕದಿಂದಲೇ ಬರುತ್ತದೆ.

ತೊಂದರೆ ಇರುವುದು 'ಉಳಿದ ಊರುಗಳು' ಎಂಬ ಮಾತಿನಲ್ಲಿ. ಅದೊಂದು ದೊಡ್ಡ ಚೀಲ. ಲಾಭ ಬರುವ ಮಧ್ಯಮ ನಗರಗಳೂ ಅದರಲ್ಲೇ, ಕಲಬುರಗಿ ಬೀದರಗಳೂ ಅದರಲ್ಲೇ. ಚೀಲದ ಬಾಯಿಯಲ್ಲಿರುವ ದಪ್ಪ ಕಾಳುಗಳನ್ನೇ ಎತ್ತಿಕೊಂಡು ಕಂಪನಿ ತನ್ನ ಪಾಲಿನ ಲೆಕ್ಕ ಚುಕ್ತಾ ಮಾಡಬಹುದು. ತಳದಲ್ಲಿ ಉಳಿದವರು ಉಳಿದೇ ಇರುತ್ತಾರೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ದೊಡ್ಡ ವಿಲೀನವೊಂದು ಒಪ್ಪಿಗೆಗೆ ಬಂದಾಗ ಸರ್ಕಾರದ ಕೈಯಲ್ಲಿ ಒಂದು ಅಪರೂಪದ ಗಳಿಗೆ ಇರುತ್ತದೆ. ಆ ಹೊತ್ತಿಗೆ ಕಂಪನಿಗೆ ಸಹಿ ಬೇಕು, ಸರ್ಕಾರ ಕೇಳಿದ್ದನ್ನು ಕೊಡುವ ಮನಸ್ಸಿರುತ್ತದೆ. ಸಹಿ ಬಿದ್ದ ಮೇಲೆ ಯಾರೂ ಮಾತು ಕೇಳುವುದಿಲ್ಲ. ಹೆಣ್ಣು ಒಪ್ಪಿಸುವ ಮುಂಚೆ ಮಾತಾಡದವರು ಆಮೇಲೆ ಮಾತಾಡಿ ಫಲವೇನು? ಆ ಗಳಿಗೆಯಲ್ಲಿ ಸಿಂಗಪುರ ತನ್ನ ನಾಲ್ಕು ದಾರಿ ಕೇಳಿದಂತೆ, ವಿಮಾನಯಾನ ಸಚಿವಾಲಯವೂ ಕೇಳಲಿ. ಉಡಾನ್ ಅವಧಿ ಮುಗಿದು ಸೊರಗಿರುವ ಇಂತಿಷ್ಟು ನಿಲ್ದಾಣಗಳಿಗೆ, ಹೆಸರು ಹಿಡಿದು, ವಾರಕ್ಕೆ ಇಷ್ಟು ದಿನ, ಇಷ್ಟು ವರ್ಷ ಹಾರಿಸುತ್ತೀರಾ? ನೀವೇ ಹಾರಿಸಲಾಗದಿದ್ದರೆ, ಹಾರಿಸುವ ಸಣ್ಣ ಕಂಪನಿಯ ಪ್ರಯಾಣಿಕರನ್ನು ನಿಮ್ಮ ಟಿಕೆಟ್‌ನಲ್ಲಿ ಮುಂದಕ್ಕೆ ಕರೆದೊಯ್ಯುತ್ತೀರಾ? ಸ್ಪರ್ಧಾ ಆಯೋಗದ ಕಾನೂನು ಇದಕ್ಕೆ ಸಾಲದಿದ್ದರೆ ವಿಮಾನಯಾನದ ನಿಯಮದಲ್ಲೇ ಸೇರಿಸಬಹುದು. ರಾಜ್ಯ ಸರ್ಕಾರವೂ ಬೀದರಿಗೆ ದುಡ್ಡು ಕೊಟ್ಟು ಸುಮ್ಮನಾಗದೆ, ವಿಲೀನದ ಕಡತ ದೆಹಲಿಯಲ್ಲಿ ಇರುವಾಗಲೇ ತನ್ನ ಅಹವಾಲನ್ನು ಬರೆದು ಕೊಡಬೇಕು. ಕಳೆದ ಸಲ ನಮ್ಮ ಭಾಗದ ಪರವಾಗಿ ಯಾರಾದರೂ ಮಾತಾಡಿದ ಸುದ್ದಿಯನ್ನು ನಾನಂತೂ ಓದಲಿಲ್ಲ.

ಸರ್ಕಾರಕ್ಕೆ ಇಂಥದ್ದು ಆಗದು ಎನ್ನುವವರು ಕಳೆದ ಡಿಸೆಂಬರ್ ನೆನಪಿಸಿಕೊಳ್ಳಲಿ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೋ ಸಿದ್ಧವಾಗಿರದೆ, ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟ ರದ್ದಾದವು. ಅರ್ಧಕ್ಕಿಂತ ಹೆಚ್ಚು ಸೀಟು ಒಂದೇ ಕಂಪನಿಯ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು, ದೆಹಲಿಯವರು ನಿಲ್ದಾಣದ ನೆಲದ ಮೇಲೆ ಮಲಗಿ ಕಲಿತರು. ಉಳಿದ ಕಂಪನಿಗಳ ದರ ಗಗನಕ್ಕೇರಿತು. ಆಗ ಸರ್ಕಾರ 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,000 ಕಿಲೋಮೀಟರ್‌ವರೆಗೆ 12,000 ರೂಪಾಯಿ ಎಂದು ಮಿತಿ ಹಾಕಿತು. ಮಹಾನಗರದವರು ಕೂಗಿದರೆ ಒಂದೆರಡು ದಿನದಲ್ಲಿ ದರಕ್ಕೆ ಮಿತಿ ಬರುತ್ತದೆ ಎಂದಾದರೆ, ಆ ಅಧಿಕಾರ ಸರ್ಕಾರಕ್ಕೆ ಮುಂಚೆಯೂ ಇತ್ತು ಅಂತಲೇ ಅರ್ಥ. ಅಣ್ಣ ನಸುಕಿನಲ್ಲಿ ಮೊಬೈಲ್ ಹಿಡಿದು ಕೂತಿದ್ದ ದಿನವೂ ಇತ್ತು.

ಒಂದು ಮಾತು ನಮ್ಮವರಿಗೂ ಹೇಳಬೇಕು. ನಿಲ್ದಾಣ ಆದಾಗ ತಂತಿಬೇಲಿಗೆ ಬಂದ ಜನದ ಕಾಲು ಭಾಗ ವಿಮಾನ ಹತ್ತಿದ್ದರೂ ಕಥೆ ಬೇರೆ ಇರುತ್ತಿತ್ತೋ ಏನೋ. ನಮ್ಮ ಕಾಲೇಜಿನ ಲೆಕ್ಚರರ್‌ಗಳಲ್ಲೇ ಎಷ್ಟೋ ಮಂದಿ ವಿಮಾನ ಇದ್ದ ದಿನವೂ ರೈಲಿಗೇ ಹೋದರು. ಹೊತ್ತು ಹೊಂದುವುದಿಲ್ಲ, ದಿನ ಹೊಂದುವುದಿಲ್ಲ ಅಂದರು. ದಿನ ಹೊಂದದ್ದಕ್ಕೆ ಜನ ಬರಲಿಲ್ಲ, ಜನ ಬರದ್ದಕ್ಕೆ ದಿನ ಇನ್ನೂ ಕಡಿಮೆಯಾಯಿತು. ಈ ಗಾಣದ ಸುತ್ತು ತಪ್ಪಿಸಲು ಯಾರಾದರೂ ಕೆಲವು ವರ್ಷ ನಷ್ಟ ನುಂಗಿ ದಿನಾ ಹಾರಿಸಬೇಕು. 50 ಸೀಟಿನ ಸಣ್ಣ ಕಂಪನಿಗೆ ಅದನ್ನು ನುಂಗುವ ಹೊಟ್ಟೆ ಇಲ್ಲ. ಒಂದಾಗಿ ದೊಡ್ಡವರಾದವರಿಗೆ ಇದೆ.

ಮುತ್ಯಾನ ವರ್ಷದ ಕಾರ್ಯ ಹತ್ತಿರ ಬರುತ್ತಿದೆ. ಅಣ್ಣ ಬುಕಿಂಗ್ ತೆರೆದ ದಿನವೇ ರೈಲಿನ ಟಿಕೆಟ್ ಮಾಡಿಸಿದ. ಮೊನ್ನೆ ಫೋನಿನಲ್ಲಿ ಅವ್ವ, "ಸೀಟ್ ಸಿಕ್ತೇನೋ ತಮ್ಮಾ?" ಅಂತ ಕೇಳಿದಳು. "ವೇಟಿಂಗ್ ಹದಿನಾಲ್ಕು ಅದಬೇ, ಆಗ್ತದ" ಅಂದ.